ವ್ವಾ ವೆರ್ತ್: ಹಳಿ ಕಿತ್ತ ಮೇಲೆ ಉಳಿದ ದಾರಿ

ಫ್ರೆಂಚಿನಲ್ಲಿ ರೈಲು ಹಳಿಗೆ 'ವ್ವಾ ಫೆರೇ' ಅನ್ನುತ್ತಾರೆ. ವ್ವಾ ಅಂದರೆ ದಾರಿ. ಫೆರೇ ಅಂದರೆ ಕಬ್ಬಿಣ ಹಾಕಿದ್ದು. ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಪದ 'ವ್ವಾ ವೆರ್ತ್'. ವೆರ್ತ್ ಅಂದರೆ ಹಸಿರು. ಎರಡೂ ಒಂದೇ ಮನೆಯ ಅಣ್ಣತಮ್ಮಂದಿರ ಹೆಸರಿನ ಹಾಗೆ ಕೇಳಿಸುತ್ತವೆ, ಅಲ್ವಾ? ಸಂಬಂಧವೂ ಹಾಗೇ ಇದೆ. ಎಷ್ಟೋ ಊರುಗಳಲ್ಲಿ ಕಬ್ಬಿಣದ ದಾರಿ ಸತ್ತ ಜಾಗದಲ್ಲೇ ಈ ಹಸಿರು ದಾರಿ ಹುಟ್ಟಿದೆ.

ಮೋಟಾರು ಗಾಡಿಗಳ ಕಾಟವಿಲ್ಲದೆ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಬೇಕು ಅನ್ನುವವರು ಮೊದಲು ಕಲಿಯಬೇಕಾದ ಪದ ಇದು. ಹಸಿರು ಅಂದ ತಕ್ಷಣ ಮರಗಿಡದ ನಡುವಿನ ಯಾವುದೋ ಕಾಲುದಾರಿ ಅಂದುಕೊಳ್ಳಬೇಡಿ. ಇದು ಕಾನೂನಿನ ಪದ. 2004ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ರಸ್ತೆ ನಿಯಮಾವಳಿಗೆ ಸೇರಿತು. ಆಗ ಅಲ್ಲಿ ಬರೆದ ವಿವರಣೆ ಚಿಕ್ಕದು: ಮೋಟಾರಿಲ್ಲದ ವಾಹನಗಳಿಗೆ, ನಡೆಯುವವರಿಗೆ ಮತ್ತು ಕುದುರೆ ಸವಾರರಿಗೆ ಮಾತ್ರ ಮೀಸಲಾದ ರಸ್ತೆ. 'ರಸ್ತೆ' ಅನ್ನುವ ಮಾತನ್ನು ಗಮನಿಸಿ. ದೊಡ್ಡ ರಸ್ತೆಯ ಪಕ್ಕಕ್ಕೆ ಬಣ್ಣ ಬಳಿದು ಬಿಟ್ಟುಕೊಟ್ಟ ಪಟ್ಟಿ ಅಲ್ಲ, ಇದೇ ಒಂದು ಪೂರ್ತಿ ರಸ್ತೆ. ಅದು ಶುರುವಾಗುವಲ್ಲಿ ನೀಲಿ ಚೌಕದ ಫಲಕ ನೆಟ್ಟಿರುತ್ತಾರೆ. ಪೆಡಲ್ ತುಳಿದರೆ ಮಾತ್ರ ನೆರವಿಗೆ ಬರುವ ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ ಕಾನೂನಿನ ಕಣ್ಣಿಗೆ ಸೈಕಲ್ಲೇ, ಹಾಗಾಗಿ ಅದಕ್ಕೂ ಪ್ರವೇಶ ಇದೆ.

ಕಾನೂನಿಗಿಂತ ದಾರಿ ಮೊದಲು ಬಂತು. ಬರ್ಗಂಡಿ ಸೀಮೆಯಲ್ಲಿ ಜಿವ್ರಿಯಿಂದ ಕ್ಲೂನಿವರೆಗೆ ರೈಲು ನಿಂತುಹೋಗಿದ್ದ ಸುಮಾರು 44 ಕಿ.ಮೀ. ದಾರಿಯನ್ನು 1997ರಲ್ಲಿ ಸೈಕಲ್ಲಿಗೆ ಬಿಟ್ಟುಕೊಟ್ಟರು. ಫ್ರಾನ್ಸಿನ ಮೊದಲ ವ್ವಾ ವೆರ್ತ್ ಅಂತ ಹೆಸರಾದದ್ದು ಇದೇ. ಎರಡೂ ಕಡೆ ದ್ರಾಕ್ಷಿ ತೋಟ, ಹಳೆಯ ಇಗರ್ಜಿಗಳು. ಆದರೆ ಇದಕ್ಕೆ ಟಾರು ಹಾಕಿದ್ದಾರೆ. ಜಲ್ಲಿಯ ಮೇಲೆ ಚಕ್ರ ಕರಕರ ಅನ್ನಬೇಕು ಅನ್ನುವವರು ಬೇರೆ ಕಡೆ ನೋಡಬೇಕು.

ನನ್ನನ್ನು ಕೇಳಿದರೆ ಆರ್ದೆಶ್ ಜಿಲ್ಲೆಯ 'ದೋಲ್ಚೆ ವಿಯಾ' ಕಡೆ ಬೆರಳು ತೋರಿಸುತ್ತೇನೆ. ಹೆಸರೇನೋ ಇಟಾಲಿಯನ್, ದಾರಿ ಮಾತ್ರ ಅಪ್ಪಟ ಫ್ರೆಂಚ್ ಮಲೆನಾಡು. ಇಲ್ಲಿ ವಿವರೇ ಬೆಟ್ಟಗಳ ನಡುವೆ ಮೀಟರ್ ಗೇಜ್ ರೈಲು ಓಡುತ್ತಿತ್ತು. ನಮ್ಮಲ್ಲಿ ಹಿಂದೆ ಬೆಂಗಳೂರು–ಮೈಸೂರು ನಡುವೆ ಇದ್ದ ಹಳಿಯ ಅಳತೆಯೇ ಅದು. ನಮ್ಮದು ಬ್ರಾಡ್ ಗೇಜ್ ಆಯಿತು, ಅವರದು 1968ರಲ್ಲಿ ಬಾಗಿಲು ಹಾಕಿತು. ಆಮೇಲೆ ಹಳಿ ಕಿತ್ತ ಜಾಗದಲ್ಲಿ ಕವಲು ಸೇರಿ ಸುಮಾರು 90 ಕಿ.ಮೀ. ದಾರಿ ಸಿದ್ಧವಾಯಿತು. ರೋನ್ ನದಿಯ ದಡದ ಲಾ ವೂಲ್ತ್ ಊರಿನಲ್ಲಿ ಶುರುವಾಗುತ್ತದೆ, ಏರಿಯೂ ನದಿಯ ಕಣಿವೆ ಹಿಡಿದು ಮೇಲೇರುತ್ತದೆ. ಕೊನೆಯ ಊರು ಸಾಂತಾಗ್ರೆವ್ ಇರುವುದು ಸಮುದ್ರಮಟ್ಟದಿಂದ 1000 ಮೀಟರಿಗೂ ಎತ್ತರದಲ್ಲಿ. ಕೆಳಗೆ ಪೀಚ್ ತೋಟ, ಮೇಲೆ ಚೆಸ್ಟ್‌ನಟ್ ಮರ, ಇಳಿಜಾರಿನಲ್ಲಿ ಕಲ್ಲು ಪೇರಿಸಿ ಕಟ್ಟಿದ ಮೆಟ್ಟಿಲು ಹೊಲ.

ಅಷ್ಟು ಎತ್ತರ ಸೈಕಲ್ಲಿನಲ್ಲಿ ಹತ್ತಲು ಆಗುತ್ತದಾ ಅಂತ ಹೆದರಬೇಡಿ. ಇಲ್ಲೇ ಈ ದಾರಿಗಳ ಗುಟ್ಟು ಇರುವುದು. ಉಗಿಬಂಡಿಗೆ ಕಡಿದಾದ ಏರು ಆಗಿಬರುತ್ತಿರಲಿಲ್ಲ. ನೂರು ಮೀಟರ್ ಹೋದರೆ ಎರಡೋ ಮೂರೋ ಮೀಟರ್ ಏರಬೇಕು, ಅದಕ್ಕಿಂತ ಜಾಸ್ತಿ ಕೊಟ್ಟರೆ ಚಕ್ರ ಜಾರುತ್ತಿತ್ತು. ಅದಕ್ಕೇ ಎಂಜಿನಿಯರುಗಳು ಗುಡ್ಡ ಸಿಕ್ಕಲ್ಲಿ ಸುರಂಗ ಕೊರೆದರು, ಹಳ್ಳ ಸಿಕ್ಕಲ್ಲಿ ಸೇತುವೆ ಕಟ್ಟಿದರು, ಉಳಿದ ಕಡೆ ಬೆಟ್ಟದ ಸೊಂಟ ಸುತ್ತಿ ಹೋದರು. ಅಂದು ಎಂಜಿನ್ನಿಗಾಗಿ ಮಾಡಿದ ಈ ಉಪಚಾರವೆಲ್ಲ ಇಂದು ನಮ್ಮ ಮೊಣಕಾಲಿಗೆ ಸಿಗುತ್ತಿದೆ.

ಆದರೆ ಒಂದು ಮೋಸವೂ ಇದೆ. ಫ್ರೆಂಚ್ ಸೈಕಲ್ಲಿಗರು ಅದಕ್ಕೆ 'ಫೋ ಪ್ಲಾ' ಅನ್ನುತ್ತಾರೆ, ಸುಳ್ಳು ಸಮತಟ್ಟು ಅಂತ. ಕಣ್ಣಿಗೆ ದಾರಿ ಚಪ್ಪಟೆಯಾಗಿ ಕಾಣುತ್ತದೆ. ಕಾಲು ಮಾತ್ರ ಯಾಕೋ ಭಾರ. ಟೈರಿನಲ್ಲಿ ಗಾಳಿ ಕಮ್ಮಿಯಾಯಿತಾ, ಬ್ರೇಕು ಉಜ್ಜುತ್ತಿದೆಯಾ ಅಂತ ಇಳಿದು ನೋಡುತ್ತೀರಿ. ಎಲ್ಲ ಸರಿ ಇರುತ್ತದೆ. ವಾಪಸ್ ಬರುವಾಗ ಸುಮ್ನೆ ಕೂತರೂ ಗಾಡಿ ಓಡುತ್ತದಲ್ಲ, ಆಗ ಗೊತ್ತಾಗುತ್ತದೆ ಹೋಗುವಾಗ ಉದ್ದಕ್ಕೂ ಏರುತ್ತಿದ್ದೆವು ಅಂತ.

ಕಾಲಡಿಯ ನೆಲದ್ದೂ ಒಂದು ಪದ ಇದೆ: 'ಸ್ತಬಿಲಿಜೇ'. ಪುಡಿ ಜಲ್ಲಿ, ಮರಳು ಹಾಸಿ, ನೀರು ಚಿಮುಕಿಸಿ, ರೋಲರ್ ಹೊಡೆದು ಗಟ್ಟಿ ಮಾಡಿದ ನೆಲ. ಕೆಲವು ಕಡೆ ಕಚ್ಚಿಕೊಳ್ಳಲಿ ಅಂತ ಸುಣ್ಣವನ್ನೋ ಸಿಮೆಂಟನ್ನೋ ಬೆರೆಸುತ್ತಾರೆ. ನಮ್ಮ ಕಡೆ ಟಾರು ಬೀಳುವ ಮೊದಲು ಗರಸು ಹಾಸಿ ರೋಲರ್ ಓಡಿಸಿದ ರಸ್ತೆ ನೆನಪಿದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಅಲ್ಲಿ ಅದೇ ಕೊನೆಯ ಪದರ. ಬೇಸಿಗೆಯಲ್ಲಿ ಇದರ ಮೇಲೆ ಒಂದು ಗಂಟೆ ತುಳಿದರೆ ಚೈನು, ಕಾಲು, ನೀರಿನ ಬಾಟಲಿಯ ಮುಚ್ಚಳ ಎಲ್ಲದರ ಮೇಲೂ ಹಿಟ್ಟು ಉದುರಿಸಿದ ಹಾಗೆ ಬೂದು ಪುಡಿ. ಮಳೆ ಬಂದರೆ ಅದೇ ಪುಡಿ ತೆಳು ಕೆಸರಾಗಿ ಬೆನ್ನಿಗೆ ಗೆರೆ ಎಳೆಯುತ್ತದೆ. ಕಡ್ಡಿಯಂಥ ರೇಸ್ ಟೈರು ಇಲ್ಲಿ ಬೇಡ. 35–40 ಮಿ.ಮೀ. ಅಗಲದ ಟೈರಿದ್ದರೆ, ಗಾಳಿ ಸ್ವಲ್ಪ ಕಮ್ಮಿ ಹಾಕಿದರೆ, ಆರಾಮ. ಅಂಥ ಸೈಕಲ್ಲನ್ನು ಫ್ರೆಂಚರೂ ಈಗ ಇಂಗ್ಲಿಷಿನಿಂದ ತಂದ 'ಗ್ರಾವೆಲ್' ಹೆಸರಲ್ಲೇ ಕರೆಯುತ್ತಾರೆ.

ಎಲ್ಲ ವ್ವಾ ವೆರ್ತ್‌ಗೂ ರೈಲೇ ತಾಯಿಯಲ್ಲ. ಕೆಲವನ್ನು ಹೆತ್ತದ್ದು ಕಾಲುವೆ. ಹಿಂದೆ ಕುದುರೆಯೋ ಆಳೋ ದಡದ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿದ್ದರು. ಆ ದಡದ ದಾರಿಗೆ 'ಶೆಮ್ಯಾಂ ದ ಅಲಾಜ್' ಅಂತ ಹೆಸರು, ಎಳೆಯುವ ದಾರಿ. ಇದರಲ್ಲಿ ದೊಡ್ಡದು ಬ್ರಿಟನಿ ಪ್ರಾಂತ್ಯದ ನಾಂತ್–ಬ್ರೆಸ್ತ್ ಕಾಲುವೆ, 364 ಕಿ.ಮೀ. ಬ್ರೆಸ್ತ್ ಬಂದರನ್ನು ಇಂಗ್ಲಿಷರ ಹಡಗುಗಳು ಸಮುದ್ರದ ಕಡೆಯಿಂದ ಕಟ್ಟಿಹಾಕಿದಾಗ, ಒಳನಾಡಿನಿಂದಲೇ ಸಾಮಾನು ಸಾಗಿಸಲು ನೆಪೋಲಿಯನ್ ಹಾಕಿಸಿದ ಯೋಜನೆ ಇದು. ಗ್ಲೊಮೆಲ್ ಹತ್ತಿರದ ಆಳವಾದ ಕಂದಕವನ್ನು ಕೈದಿಗಳ ಕೈಯಲ್ಲಿ ತೋಡಿಸಿದರು. ಕಾಲುವೆ ಮುಗಿಯುವ ಹೊತ್ತಿಗೆ ಯುದ್ಧ ಎಂದೋ ಮುಗಿದಿತ್ತು. ಸ್ವಲ್ಪ ಕಾಲಕ್ಕೆ ರೈಲೂ ಬಂತು. ಪಾಪ, ಅಷ್ಟು ಬೆವರು ಸುರಿಸಿ ತೋಡಿದ ಕಾಲುವೆಗೆ ಸಿಕ್ಕ ಕೆಲಸ ಕಮ್ಮಿಯೇ.

ಕಾಲುವೆ ದಡದಲ್ಲಿ ತುಳಿಯುವ ಲಯವೇ ಬೇರೆ. ನೀರು ಹೇಗೆ ಮಟ್ಟವಾಗಿರುತ್ತದೋ ದಾರಿಯೂ ಹಾಗೆ. ನಿಜವಾದ ಸಮತಟ್ಟು, ಸುಳ್ಳಲ್ಲ. ಲಾಕ್ ಗೇಟ್, ಅಂದರೆ ನೀರಿನ ಮಟ್ಟ ಬದಲಾಗುವಲ್ಲಿ ದೋಣಿಯನ್ನು ಏರಿಸಿ ಇಳಿಸುವ ಬಾಗಿಲು, ಬಂದಾಗ ಮಾತ್ರ ಒಂದು ಸಣ್ಣ ಏರು. ಪಕ್ಕದಲ್ಲಿ ಗೇಟು ಕಾಯುವವನ ಪುಟ್ಟ ಮನೆ, ಮತ್ತೆ ಚಪ್ಪಟೆ. ಇಂಥ ಲಾಕ್‌ಗಳು ಈ ಒಂದು ಕಾಲುವೆಯಲ್ಲೇ ಇನ್ನೂರಕ್ಕೂ ಜಾಸ್ತಿ. ಜೊಸ್ಲಾಂ ಊರಿನಲ್ಲಿ ಕೋಟೆಯ ಗೋಪುರಗಳು ನೀರಿನ ಅಂಚಿನಿಂದಲೇ ಎದ್ದು ನಿಂತಿವೆ. ಗೆರ್ಲೆದಾಂ ಹತ್ತಿರ ಕಾಲುವೆಯೇ ತುಂಡಾಗುತ್ತದೆ. 1923ರಿಂದ 1930ರವರೆಗೆ ಅಲ್ಲಿ ಅಣೆಕಟ್ಟು ಕಟ್ಟಿದರು, ಲಾಕ್‌ಗಳು ಮನೆಗಳ ಸಮೇತ ಮುಳುಗಿದವು. 2015ರಲ್ಲಿ ತಪಾಸಣೆಗಾಗಿ ಕೆರೆ ಖಾಲಿ ಮಾಡಿದಾಗ ಅವು ಹೊರಗೆ ಕಂಡವು, ನೋಡಲು ಜನ ಜಾತ್ರೆಯಂತೆ ಸೇರಿದರು. ಸೈಕಲ್ಲಿಗರು ಇಲ್ಲಿ ದಡ ಬಿಟ್ಟು ಹಳೆಯ ರೈಲು ದಾರಿ ಹಿಡಿಯುತ್ತಾರೆ. ಕಾಲುವೆಯನ್ನು ಸೋಲಿಸಿದ ರೈಲಿನ ದಾರಿಯೇ ಕಾಲುವೆಯ ತುಂಡುಗಳನ್ನು ಸೇರಿಸುತ್ತಿದೆ ನೋಡಿ.

ನಕಾಶೆ ನೋಡುವಾಗ ಇನ್ನೊಂದು ಪದ ದಾರಿ ತಪ್ಪಿಸುತ್ತದೆ: 'ವೆಲೋರೂತ್'. ಇದು ದೂರದ ಊರುಗಳನ್ನು ಜೋಡಿಸುವ ಸೈಕಲ್ ಮಾರ್ಗ, ಬರೀ ಮಾರ್ಗದ ಹೆಸರು. ಅದರಲ್ಲಿ ಒಂದಷ್ಟು ದೂರ ವ್ವಾ ವೆರ್ತ್ ಇರಬಹುದು, ಒಂದಷ್ಟು ದೂರ ಕಾರು, ಟ್ರ್ಯಾಕ್ಟರ್ ಓಡುವ ಹಳ್ಳಿ ರಸ್ತೆಯೂ ಇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ವ್ಯತ್ಯಾಸ ಮೊದಲೇ ನೋಡಿಕೊಳ್ಳಬೇಕು.

ಮೋಟಾರಿಲ್ಲ ಅಂದರೆ ದಾರಿ ಖಾಲಿ ಅಂತಲ್ಲ. ಭಾನುವಾರ ಮಧ್ಯಾಹ್ನ ನಾಯಿ ಹಿಡಿದ ಅಜ್ಜಿ, ಅಡ್ಡಾದಿಡ್ಡಿ ತುಳಿಯುವ ಮಕ್ಕಳು, ಕುದುರೆ ಎಲ್ಲವೂ ಎದುರಾಗುತ್ತವೆ. ವೇಗದ ಆಸೆ ಇರುವವರಿಗೆ ಇದು ಜಾಗವಲ್ಲ. ಡಾಂಬರು ರಸ್ತೆ ಅಡ್ಡ ಬಂದಲ್ಲಿ ಕಾರು ನುಗ್ಗದ ಹಾಗೆ ಕಂಬಿ ಹಾಕಿರುತ್ತಾರೆ. ಅದರ ನಡುವೆ ಚೀಲ ಕಟ್ಟಿದ ಸೈಕಲ್ ತೂರಿಸುವುದು ಒಂದು ಸರ್ಕಸ್ಸು. ಅಲ್ಲಿ ದಾರಿ ಬಿಡಬೇಕಾದವರೂ ಸಾಮಾನ್ಯವಾಗಿ ನಾವೇ.

ಕ್ಲೂನಿಯಿಂದ ದಕ್ಷಿಣಕ್ಕೆ ಮಾಕೋಂ ಕಡೆ ಹೋಗುವ ದಾರಿಯಲ್ಲಿ ಬ್ವಾ ಕ್ಲೇರ್ ಅನ್ನುವ ಹಳೆಯ ರೈಲು ಸುರಂಗ ಇದೆ, 1.6 ಕಿ.ಮೀ. ಉದ್ದ. ಒಳಗೆ ದೀಪ ಹಾಕಿದ್ದಾರೆ, ಬೇಸಿಗೆಯಲ್ಲೂ ತಣ್ಣಗೆ ಇರುತ್ತದೆ. ಚಳಿಗಾಲ ಬಂತೆಂದರೆ ಸೈಕಲ್ಲಿಗೂ ಅಲ್ಲಿ ಪ್ರವೇಶ ಇಲ್ಲ. ಆ ತಿಂಗಳುಗಳಲ್ಲಿ ಸುರಂಗ ಬಾವಲಿಗಳದ್ದು. ಅವು ನಿದ್ದೆಯಲ್ಲಿರುತ್ತವೆ, ನಾವು ಗುಡ್ಡ ಹತ್ತಿ ಇಳಿದು ಹೋಗಬೇಕು.