ಬಜರಿಗಾರ್ ಕರೆದಾಗ ಓಗೊಡುವವರು ಯಾರು?

"ಒಂದೇ ಹಕ್ಕಿ ಒಯ್ಯಿರಿ, ಬೇಗ ಮಾತು ಕಲಿಯುತ್ತದೆ. ಜೋಡಿ ಒಯ್ದರೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ." ಸಾಕುಹಕ್ಕಿ ಮಾರುವ ಅಂಗಡಿಗಳಲ್ಲಿ ಪಂಜರದ ಜೊತೆಗೆ ಪುಕ್ಕಟೆಯಾಗಿ ಸಿಗುವ ಸಲಹೆ ಇದು. ಹಕ್ಕಿ ಯಾವುದೆಂದರೆ ಬಜರಿಗಾರ್. ನಮ್ಮಲ್ಲಿ ಹೆಚ್ಚಿನವರು 'ಲವ್ ಬರ್ಡ್ಸ್' ಎಂದು ಕರೆಯುವ ಹಸಿರು, ಹಳದಿ, ನೀಲಿ ಬಣ್ಣಗಳ ಪುಟ್ಟ ಗಿಳಿ. (ನಿಜವಾದ ಲವ್ ಬರ್ಡ್ ಆಫ್ರಿಕಾದ ಹಕ್ಕಿ, ಅದರ ಕುಲವೇ ಬೇರೆ.) ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ. ಅದರಲ್ಲಿರುವ ನಿಜವೇ ಸ್ವಲ್ಪ ಕಸಿವಿಸಿ ಹುಟ್ಟಿಸುವಂಥದ್ದು.

ಬಜರಿಗಾರ್‌ನ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದ ಕಡೆಗೆ ಹಿಂಡು ಹಾರುತ್ತಲೇ ಇರುತ್ತದೆ. ಒಳ್ಳೆಯ ಮಳೆಯಾದಾಗ ಒಂದೊಂದು ಹಿಂಡಿನಲ್ಲಿ ಸಾವಿರಾರು ಹಕ್ಕಿಗಳಿರುತ್ತವೆ. ಮೇಯುವುದು, ನೀರಿಗಿಳಿಯುವುದು, ಬಿಸಿಲೇರಿದಾಗ ಮರದಲ್ಲಿ ಕೂತು ಗುಜುಗುಜು ಎನ್ನುವುದು ಎಲ್ಲವೂ ಒಟ್ಟಿಗೆ. ಹಿಂಡು ತಪ್ಪಿದ ಹಕ್ಕಿ ಡೇಗೆಯ ಪಾಲಾಗುವುದು ಸುಲಭ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಬಜರಿಗಾರ್‌ಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಸಾಕಣೆಯಲ್ಲಿ ಇವುಗಳ ಬಣ್ಣ ಹತ್ತಾರು ಬಗೆಯಾಯಿತು. ಹಿಂಡಿನ ಹಂಬಲ ಮಾತ್ರ ಹಾಗೆಯೇ ಉಳಿಯಿತು.

ಹಿಂಡನ್ನು ಕಟ್ಟಿಹಾಕಿರುವುದು ಒಂದು ಚುಟುಕು ಕೂಗು. ವಿಜ್ಞಾನಿಗಳು ಅದನ್ನು ಸಂಪರ್ಕ ಕರೆ ಎನ್ನುತ್ತಾರೆ. ಜಾತ್ರೆಯ ಗದ್ದಲದಲ್ಲಿ ತಾಯಿ ಮಗು ಒಬ್ಬರನ್ನೊಬ್ಬರು ಕೂಗಿಕೊಳ್ಳುವಂತೆ ಹಕ್ಕಿಗಳು ದಿನವಿಡೀ 'ಇಲ್ಲಿದ್ದೇನೆ, ನೀನೆಲ್ಲಿ?' ಎನ್ನುತ್ತಿರುತ್ತವೆ. ಗಂಡು ಬಜರಿಗಾರ್ ಹೆಣ್ಣಿನೊಂದಿಗೆ ಜೋಡಿಯಾದಾಗ ತನ್ನ ಕರೆಯನ್ನು ಬದಲಿಸಿಕೊಂಡು ಅವಳ ಕರೆಯನ್ನೇ ಅನುಕರಿಸಲು ಕಲಿಯುತ್ತದೆ ಎಂಬುದನ್ನು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಈಗ ಅಂಗಡಿಯವನ ಸಲಹೆಯನ್ನು ಇನ್ನೊಮ್ಮೆ ಓದಿ. ಒಂಟಿ ಗಂಡು ಬಜರಿಗಾರ್ ನಮ್ಮ ಮಾತನ್ನು ಕಲಿಯುವುದು ಅದಕ್ಕೆ ಬೇರೆ ಸಂಗಾತಿಯೇ ಇಲ್ಲದ್ದರಿಂದ. ಪಕ್ ಎಂಬ ಬಜರಿಗಾರ್ 1,728 ಪದಗಳನ್ನು ಕಲಿತು ಗಿನ್ನೆಸ್ ದಾಖಲೆ ಸೇರಿತು. ಆ ಸಂಖ್ಯೆ ಓದಿದಾಗ ನನಗೆ ಬೆರಗಿನಷ್ಟೇ ಮರುಕವೂ ಆಗುತ್ತದೆ.

ಹಾಗಾದರೆ ದಿನಕ್ಕೆ ಎಷ್ಟು ಹೊತ್ತು ಹಕ್ಕಿಯ ಜೊತೆ ಕಳೆಯಬೇಕು? ಒಂದು ಗಂಟೆ, ಎರಡು ಗಂಟೆ ಎಂಬ ಉತ್ತರಗಳು ಎಲ್ಲೆಡೆ ಸಿಗುತ್ತವೆ. ನನಗೆ ಪ್ರಶ್ನೆಯೇ ಅಷ್ಟು ಸರಿಯೆನಿಸುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋಗಿ, ಹತ್ತು ಗಂಟೆ ಬೀಗ ಹಾಕಿದ ಫ್ಲ್ಯಾಟ್‌ನಲ್ಲಿ ಹಕ್ಕಿಯನ್ನು ಬಿಟ್ಟು, ಸಂಜೆ ಬಂದು ಒಂದು ಗಂಟೆ ಮುದ್ದು ಮಾಡಿದರೆ ಆ ಹತ್ತು ಗಂಟೆಯ ಉತ್ತರವಿಲ್ಲದ ಕರೆಗಳು ತುಂಬಿಬರುವುದಿಲ್ಲ. ಹಕ್ಕಿಗೆ ಬೇಕಿರುವುದು ದಿನವಿಡೀ ಚೂರುಚೂರಾಗಿ ಹಂಚಿಹೋದ ಜೊತೆ. ಆದ್ದರಿಂದ ಪಂಜರವನ್ನು ಬಾಲ್ಕನಿಗೆ ತಳ್ಳದೆ ಮನೆಯವರು ಓಡಾಡುವ ಕೋಣೆಯಲ್ಲಿಡಬೇಕು. ಅದರ ಒಂದು ಬದಿ ಗೋಡೆಗೆ ತಾಗಿದ್ದರೆ ಹಕ್ಕಿಗೆ ಬೆನ್ನ ಹಿಂದಿನ ಭಯವಿರುವುದಿಲ್ಲ. ನೀವು ಇನ್ನೊಂದು ಕೋಣೆಗೆ ಹೋದಾಗ ಅದು ಕರೆದರೆ ಒಂದು ಸಿಳ್ಳೆಯಲ್ಲಿ ಓಗೊಟ್ಟರೆ ಸಾಕು. ಮೆತ್ತಗಿನ ಕರೆಗೆ ಉತ್ತರ ಸಿಗದೆ, ಕಿರುಚಿದಾಗ ಮಾತ್ರ ಯಾರಾದರೂ ಗದರಲು ಓಡಿಬಂದರೆ, ಹಕ್ಕಿ ಕಿರುಚುವುದನ್ನೇ ಕಲಿಯುತ್ತದೆ. ಗದರಿಕೆಯೂ ಅದಕ್ಕೆ ಜೊತೆಯೇ.

ಕನ್ನಡಿ ತೂಗುಹಾಕುವುದು ಪರಿಹಾರವಲ್ಲ. ಕನ್ನಡಿಯೊಳಗಿನ ಹಕ್ಕಿ ಹತ್ತಿರವೇ ಇದ್ದೂ ಸರಿಯಾಗಿ ಓಗೊಡುವುದಿಲ್ಲ. ಕೆಲವು ಗಂಡುಗಳು ಗಂಟೆಗಟ್ಟಲೆ ಅದಕ್ಕೇ ಅಂಟಿಕೊಂಡು, ನುಂಗಿದ ಕಾಳನ್ನು ಹೊರತೆಗೆದು ಬಿಂಬಕ್ಕೆ ಉಣಿಸುತ್ತ ಕೂರುತ್ತವೆ.

ಮುಟ್ಟುವುದರಲ್ಲೂ ಒಂದು ಲೆಕ್ಕವಿದೆ. ಗಿಳಿಗಳು ಒಂದನ್ನೊಂದು ತೀಡುವುದು ಹೆಚ್ಚಾಗಿ ತಲೆ ಮತ್ತು ಕುತ್ತಿಗೆಯನ್ನು, ಅಂದರೆ ಸ್ವಂತ ಕೊಕ್ಕು ಎಟುಕದ ಜಾಗವನ್ನು. ಅಲ್ಲಿ ಬೆರಳಾಡಿಸಿದರೆ ಅದು ಸ್ನೇಹ. ಬೆನ್ನು, ರೆಕ್ಕೆಯಡಿ ಸವರಿದರೆ ಹಕ್ಕಿ ಅದನ್ನು ಕೂಡುವ ಸೂಚನೆಯಾಗಿ ತೆಗೆದುಕೊಳ್ಳಬಹುದು. ಆಗ ಮನೆಯ ಒಬ್ಬರನ್ನು ಸಂಗಾತಿಯೆಂದು ಬಗೆದು ಉಳಿದವರನ್ನೆಲ್ಲ ಕಚ್ಚಲು ಬರುತ್ತದೆ. ಹೆಣ್ಣಾದರೆ ಗಂಡಿಲ್ಲದೆಯೂ ಮತ್ತೆ ಮತ್ತೆ ಮೊಟ್ಟೆಯಿಟ್ಟು ಸೊರಗುತ್ತದೆ.

ಒಂಟಿತನದ ಪೆಟ್ಟು ದೇಹದ ಎಷ್ಟು ಆಳಕ್ಕೆ ಇಳಿಯಬಹುದು ಎಂಬುದಕ್ಕೆ ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಒಂದು ಸುಳಿವು ಕೊಟ್ಟರು. ಅವರು ನೋಡಿದ್ದು ಆಫ್ರಿಕಾದ ಬೂದು ಗಿಳಿಗಳ ಟೆಲೋಮಿಯರ್‌ಗಳನ್ನು, ಅಂದರೆ ವರ್ಣತಂತುಗಳ ತುದಿಯನ್ನು ಕಾಯುವ ಡಿಎನ್‌ಎ ಭಾಗಗಳನ್ನು. ವಯಸ್ಸಾದಂತೆ, ಒತ್ತಡ ಹೆಚ್ಚಿದಂತೆ ಇವು ಮೋಟಾಗುತ್ತವೆ. ಒಂಟಿಯಾಗಿ ಬೆಳೆದ, ಸುಮಾರು 9 ವರ್ಷದ ಗಿಳಿಗಳ ಟೆಲೋಮಿಯರ್ ಉದ್ದವು ಜೋಡಿಯಾಗಿದ್ದ 30 ದಾಟಿದ ಗಿಳಿಗಳಷ್ಟೇ ಇತ್ತು. ಒಂಟಿತನವೇ ಕಾರಣವೆಂದು ಇದೊಂದರಿಂದಲೇ ಸಾಬೀತಾಗುವುದಿಲ್ಲ, ಬಜರಿಗಾರ್‌ಗೂ ಇದೇ ಅಂಕಿ ಅನ್ವಯಿಸುವುದೂ ಇಲ್ಲ. ಆದರೂ ತಳ್ಳಿಹಾಕುವಂಥ ಅಂತರ ಅದಲ್ಲ.

ಜೋಡಿ ತಂದರೆ ಹಕ್ಕಿ ಮನುಷ್ಯರನ್ನು ಮರೆತುಬಿಡುತ್ತದೆಯೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಎಳೆಯ ಅಮೆಜಾನ್ ಗಿಳಿಗಳನ್ನು ಕೆಲವನ್ನು ಒಂಟಿಯಾಗಿ, ಕೆಲವನ್ನು ಜೋಡಿಯಾಗಿ ಇಟ್ಟು ನೋಡಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಜೋಡಿಯವು ಕಡಿಮೆ ಕಿರುಚಿದವು, ಹೆಚ್ಚು ಚಟುವಟಿಕೆಯಿಂದಿದ್ದವು, ಒಂದೇ ಚಲನೆಯನ್ನು ಹುಚ್ಚರಂತೆ ಪುನರಾವರ್ತಿಸುವ ಚಟಕ್ಕೆ ಬೀಳಲಿಲ್ಲ, ಪರಿಚಿತ ಮನುಷ್ಯರೊಂದಿಗೆ ಅವುಗಳ ಸಲುಗೆಯೂ ಕೆಡಲಿಲ್ಲ. ಸ್ವಿಟ್ಜರ್ಲೆಂಡ್ 2008ರಿಂದ ಗುಂಪುಜೀವಿಗಳನ್ನು ತಮ್ಮ ಜಾತಿಯ ಜೊತೆಯಿಲ್ಲದೆ ಸಾಕುವುದನ್ನೇ ನಿಯಮದ ಮೂಲಕ ತಡೆದಿದೆ. ನಮ್ಮ ಅಂಗಡಿಗಳಿಗೂ ಅಂಥದ್ದೊಂದು ನಿಯಮ ಬಂದರೆ ನಾನಂತೂ ತಕರಾರು ಮಾಡುವುದಿಲ್ಲ.

ಎರಡನೆಯ ಹಕ್ಕಿಯನ್ನು ತಂದ ದಿನವೇ ಅದೇ ಪಂಜರಕ್ಕೆ ಬಿಡಬಾರದು. ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ಕೆಲವು ವಾರ ಬೇರೆ ಕೋಣೆ, ಆಮೇಲೆ ಪಂಜರಗಳು ಅಕ್ಕಪಕ್ಕ, ಆಮೇಲೆ ಒಟ್ಟಿಗೆ. ಮರಿ ಬೇಡವಾದರೆ ಎರಡು ಗಂಡುಗಳು ಸಾಮಾನ್ಯವಾಗಿ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಗೂಡಿನ ಪೆಟ್ಟಿಗೆ ಇಡದಿದ್ದರಾಯಿತು. ಬಟ್ಟಲಲ್ಲಿ ಕಾಳು ಸುರಿಯುವ ಬದಲು ನವಣೆ ತೆನೆಯನ್ನೇ ತೂಗುಹಾಕಿ, ಕೊತ್ತಂಬರಿ ಸೊಪ್ಪಿನ ಕಟ್ಟು ಸಿಕ್ಕಿಸಿ. ಕಾಡಿನಲ್ಲಿ ಮೇವು ಹುಡುಕುವುದರಲ್ಲೇ ಗಂಟೆಗಟ್ಟಲೆ ಕಳೆಯುವ ಹಕ್ಕಿಗೆ ಹತ್ತು ನಿಮಿಷದಲ್ಲಿ ಊಟ ಮುಗಿದರೆ ಉಳಿದ ಹೊತ್ತು ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವ ಕೆಲಸಕ್ಕೆ ಹೋಗಬಹುದು.

ಅಂದಹಾಗೆ, ನಮ್ಮ ಊರಿನ ಹಸಿರು ಗಿಳಿಯ ವಿಷಯದಲ್ಲಿ ಈ ಚರ್ಚೆಯೇ ಏಳುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ.

ದಿನದ ಒಡನಾಟದಿಂದ ಇನ್ನೊಂದು ಉಪಯೋಗವಿದೆ. ಬಜರಿಗಾರ್ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಏಕೆಂದರೆ ಬಯಲಿನಲ್ಲಿ ಸೊರಗಿದಂತೆ ಕಂಡ ಹಕ್ಕಿಯ ಮೇಲೆಯೇ ಡೇಗೆಯ ಕಣ್ಣು. ಅದರ ತೂಕ 30ರಿಂದ 40 ಗ್ರಾಂ. ನಾಲ್ಕು ಗ್ರಾಂ ಇಳಿದರೂ ಹತ್ತನೆಯ ಒಂದು ಭಾಗ ಹೋದಂತೆ. ಗರಿಗಳ ಮರೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಕೂರುವುದನ್ನು ಆಟವಾಗಿ ಕಲಿಸಿ, ವಾರಕ್ಕೊಮ್ಮೆ ಬರೆದಿಡಿ. ಹಗಲಿನಲ್ಲಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ಹಕ್ಕಿಗಳನ್ನು ಬಲ್ಲ ಪಶುವೈದ್ಯರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಪಂಜರ ಕೊಳ್ಳುವ ಮೊದಲೇ ಒಬ್ಬರನ್ನು ವಿಚಾರಿಸಿಟ್ಟುಕೊಳ್ಳಿ.