ಫೆಬ್ರವರಿಯ ಕಂಬ ಕುಸಿದದ್ದು ಹೇಗೆ?

ಹಾಲು ಉತ್ಪಾದಕರ ಸಂಘಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ವಾರ್ಷಿಕ ಮಹಾಸಭೆಗೆ ಎರಡು ದಿನ ಇರುವಾಗ ಒಬ್ಬ ಕಾರ್ಯದರ್ಶಿ ಲ್ಯಾಪ್‌ಟಾಪ್ ಹಿಡಿದು ಬಂದರು. "ಸರ್, ಈ ಚಾರ್ಟ್ ತೋರಿಸಿದರೆ ಜನ ನನ್ನನ್ನ ಬಿಡ್ತಾರಾ? ಫೆಬ್ರವರಿ ಹಾಲೆಲ್ಲ ಎಲ್ಲಿಗೆ ಹೋಯ್ತು ಅಂತಾರೆ." ನಾಲ್ಕು ತಿಂಗಳ ಶೇಖರಣೆಗೆ ನಾಲ್ಕು ಕಂಬ. ಮೂರು ಎದ್ದು ನಿಂತಿವೆ, ಫೆಬ್ರವರಿಯದು ಮೊಣಕಾಲುದ್ದ.

ಅವರ ಅಂಕಿ ಬೇಡ, ಅದೇ ಬಗೆಯ ಬೇರೆ ಅಂಕಿ ಇಟ್ಟುಕೊಳ್ಳೋಣ. ಡಿಸೆಂಬರ್ 9,610 ಲೀಟರ್, ಜನವರಿ 9,580, ಫೆಬ್ರವರಿ 8,720, ಮಾರ್ಚ್ 9,520. ಇವನ್ನು ಆಯ್ಕೆ ಮಾಡಿ ಆಲ್ಟ್, ಎಫ್1 ಒಟ್ಟಿಗೆ ಒತ್ತಿದರೆ ಎಕ್ಸೆಲ್ ಕ್ಷಣದಲ್ಲಿ ಚಾರ್ಟ್ ಬರೆದುಕೊಡುತ್ತದೆ. ಎಡಗಡೆಯ ಆಕ್ಸಿಸ್, ಅಂದರೆ ಅಂಕಿಗಳ ಅಳತೆಗೆರೆ, ಎಲ್ಲಿಂದ ಶುರುವಾಗಿದೆ ಎಂದು ಮಾತ್ರ ಹೆಚ್ಚಿನವರು ನೋಡುವುದಿಲ್ಲ. ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ಅಂತರ ದೊಡ್ಡದರ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಎಕ್ಸೆಲ್ ಸೊನ್ನೆಯನ್ನು ಕೈಬಿಟ್ಟು ಮೇಲಿಂದ ಶುರು ಮಾಡುತ್ತದೆ. ಇಲ್ಲಿ ಸುಮಾರು 8,200ರಿಂದ. ಹಾಗಾಗಿ ಡಿಸೆಂಬರ್ ಕಂಬಕ್ಕೆ 1,410ರಷ್ಟು ಎತ್ತರ, ಫೆಬ್ರವರಿಗೆ ಬರೀ 520. ನಿಜವಾದ ಇಳಿಕೆ ಶೇ. 9, ಕಣ್ಣಿಗೆ ಕಾಣುವುದು ಶೇ. 60ಕ್ಕೂ ಹೆಚ್ಚು.

ಆಕ್ಸಿಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ, ಮಿನಿಮಮ್ ಎಂದಿರುವಲ್ಲಿ 0 ಹಾಕಿದೆ. ಕಂಬದಲ್ಲಿ ನಾವು ಓದುವುದು ಅದರ ಉದ್ದವನ್ನೇ, ಬುಡ ಕತ್ತರಿಸಿದರೆ ಲೆಕ್ಕ ಕೆಟ್ಟಿತು. ಗೆರೆಯ ಚಾರ್ಟಿಗೆ ಈ ಕಟ್ಟುಪಾಡಿಲ್ಲ. ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ಶೇ. 4.1ರಿಂದ 3.9ಕ್ಕೆ ಇಳಿದರೆ ರೈತರ ಬಿಲ್ಲಿನಲ್ಲಿ ಅದು ಗೊತ್ತಾಗುತ್ತದೆ. ಅಲ್ಲಿ ಸೊನ್ನೆಯಿಂದ ಶುರು ಮಾಡಿ ಗೆರೆಯನ್ನು ಚಪ್ಪಟೆ ಮಾಡುವುದೇ ತಪ್ಪು. ಲೀಟರು, ಫ್ಯಾಟ್ ಎರಡನ್ನೂ ಒಂದೇ ಚಾರ್ಟಿಗೆ ತುರುಕುವವರೂ ಇದ್ದಾರೆ. ಸಾವಿರಗಳ ಪಕ್ಕದಲ್ಲಿ 4.1 ನೆಲಕ್ಕೆ ಅಂಟಿಕೊಂಡಿರುತ್ತದೆ. ಫ್ಯಾಟನ್ನು ಸೆಕೆಂಡರಿ ಆಕ್ಸಿಸ್‌ಗೆ, ಅಂದರೆ ಬಲಗಡೆಯ ಎರಡನೇ ಅಳತೆಗೆರೆಗೆ, ಹಾಕಬಹುದು, ಆದರೆ ಬೇರೆ ಚಾರ್ಟ್ ಮಾಡುವುದೇ ವಾಸಿ ಎನ್ನುವವನು ನಾನು.

ಇನ್ನೊಂದು ನಮ್ಮ ಕಡೆಯದೇ ತಾಪತ್ರಯ. ತಿಂಗಳ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಸೆಲ್‌ನಲ್ಲಿ ಕನ್ನಡವೇ ಕಾಣುತ್ತದೆ. ಚಾರ್ಟ್ ತನ್ನದೇ ಫಾಂಟ್ ಬಳಸುವುದರಿಂದ ಅದೇ ಹೆಸರು ಅಲ್ಲಿ ಅರ್ಥವಿಲ್ಲದ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ, ಹನ್ನೆರಡು ತಿಂಗಳಿಗೆ ಎಷ್ಟು ಹೊತ್ತು ಬೇಕು?

ಮತ್ತೆ ಫೆಬ್ರವರಿಗೆ ಬರೋಣ. ಆ ಶೇ. 9 ಎಲ್ಲಿ ಹೋಯಿತು? ಪಕ್ಕದಲ್ಲೊಂದು ಕಾಲಂ ಮಾಡಿ ಆಯಾ ತಿಂಗಳ ದಿನಗಳನ್ನು ಹಾಕಿ ಭಾಗಿಸಿದೆ. ದಿನದ ಸರಾಸರಿ ಡಿಸೆಂಬರ್ 310 ಲೀಟರ್, ಜನವರಿ 309, ಮಾರ್ಚ್ 307. ಫೆಬ್ರವರಿ, 28 ದಿನಕ್ಕೆ, 311. ಕುಸಿದ ತಿಂಗಳೇ ಎಲ್ಲಕ್ಕಿಂತ ಮುಂದೆ!

ಸರಾಸರಿಯ ಚಾರ್ಟನ್ನು ಸೊನ್ನೆಯಿಂದಲೇ ಬರೆದು ತೋರಿಸಿದಾಗ ಕಾರ್ಯದರ್ಶಿಗಳ ಮುಖ ಸಪ್ಪಗಾಯಿತು. "ನಾಲ್ಕೂ ಒಂದೇ ಎತ್ತರ ಇದೆಯಲ್ಲ ಸರ್, ಇದರಲ್ಲಿ ತೋರಿಸೋದೇನು?"

"ಏನೂ ಇಲ್ಲ. ಚಾರ್ಟ್ ತೆಗೆದುಬಿಡಿ, ದಿನಕ್ಕೆ 310 ಲೀಟರ್ ಬರ್ತಿದೆ ಅಂತ ಬಾಯಲ್ಲೇ ಹೇಳಿ."