ಸೋರಿಯಾಸಿಸ್‌ಗೆ ಮುಲಾಮು ಕೇಳಿದರೆ ಬಿಪಿ ಏಕೆ ನೋಡುತ್ತಾರೆ?

ಪ್ರಶ್ನೆ: ತಂದೆಗೆ 52 ವರ್ಷ, ನಮ್ಮದು ಅಂಕೋಲಾ ಸಮೀಪದ ಹಳ್ಳಿ. ಅವರಿಗೆ ಬಹುಕಾಲದಿಂದ ಸೋರಿಯಾಸಿಸ್ ಇದೆ. ಈ ಸಲ ಮುಲಾಮು ಬರೆಸಿಕೊಳ್ಳಲು ಹೋದಾಗ ಚರ್ಮವೈದ್ಯರು ಬಿಪಿ ನೋಡಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೂ ಬರೆದುಕೊಟ್ಟರು. ಚರ್ಮಕ್ಕೂ ಹೃದಯಕ್ಕೂ ಏನು ಸಂಬಂಧ?

ಸಂಬಂಧವಿದೆ. ದಯವಿಟ್ಟು ಆ ಚೀಟಿಯನ್ನು ಮಡಚಿ ಕಪಾಟಿನಲ್ಲಿ ಇಟ್ಟುಬಿಡಬೇಡಿ.

ಮೊಣಕೈ, ಮೊಣಕಾಲುಗಳ ಮೇಲೆ ದಪ್ಪನೆಯ ಮಚ್ಚೆ, ಬೆಳಿಗ್ಗೆ ಕಂಬಳಿ ಕೊಡವಿದರೆ ಉದುರುವ ಬಿಳಿ ಹೊಟ್ಟು: ಕಣ್ಣಿಗೆ ಕಾಣುವುದು ಇಷ್ಟೇ ಆದ್ದರಿಂದ ಇದನ್ನು ಬರೀ ಚರ್ಮದ ಕಾಯಿಲೆ ಎಂದುಕೊಳ್ಳುತ್ತೇವೆ. ಬೇರು ಇರುವುದು ರೋಗನಿರೋಧಕ ವ್ಯವಸ್ಥೆಯಲ್ಲಿ. ಅದು ಕೆರಳಿದಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17ರಂಥ ಉರಿಯೂತದ ವಸ್ತುಗಳು ಹೆಚ್ಚುತ್ತವೆ. ಸುಮಾರು ತಿಂಗಳು ಹಿಡಿಯಬೇಕಾದ ಚರ್ಮದ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿದು ಪದರಗಟ್ಟುತ್ತದೆ. ಅದೇ ಉರಿಯೂತ ರಕ್ತನಾಳದ ಒಳಗೋಡೆಯನ್ನೂ ಬಾಧಿಸುತ್ತದೆ; ಅಲ್ಲಿ ಕೊಬ್ಬು ಕಟ್ಟುವುದು, ಕಟ್ಟಿದ್ದು ಒಡೆದು ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಬೊಜ್ಜು, ಮಧುಮೇಹ, ರಕ್ತದೊತ್ತಡಗಳೂ ಸೋರಿಯಾಸಿಸ್ ಇರುವವರಲ್ಲಿ ಹೆಚ್ಚು.

ಅಪಾಯ ಎಲ್ಲರಿಗೂ ಒಂದೇ ಅಲ್ಲ. ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು. 60 ವರ್ಷದವರಲ್ಲಿ ಹೆಚ್ಚಳ ಮೂರನೆಯ ಒಂದು ಭಾಗದಷ್ಟು ಮಾತ್ರ. ಮೂರು ಪಟ್ಟು ಎಂದು ಗಾಬರಿಯಾಗಬೇಡಿ, 30ರಲ್ಲಿ ಮೂಲ ಅಪಾಯವೇ ಬಹಳ ಕಡಿಮೆ. ತೀವ್ರತೆಯನ್ನು ಅಂದಾಜಿಸಲು ಅವರದೇ ಅಂಗೈ ಸಾಕು: ಬೆರಳುಗಳೂ ಸೇರಿ ಒಂದು ಅಂಗೈ ಎಂದರೆ ಮೈಯ ಚರ್ಮದ ಸುಮಾರು ಶೇ. 1. ಮಚ್ಚೆಗಳೆಲ್ಲ ಸೇರಿ ಹತ್ತು ಅಂಗೈ ಮೀರಿದರೆ ತೀವ್ರವೆಂದೇ ಎಣಿಸಬೇಕು. ಅಮೆರಿಕದ ಹೃದ್ರೋಗ ತಜ್ಞರ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೃದಯದ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಸೋರಿಯಾಸಿಸ್ ಅನ್ನು ಹೆಸರಿಸಿಯೇ ಸೇರಿಸಿದೆ.

ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಮೀನು. 'ನಂಜು' ಎಂದು ಬಂಗುಡೆಯನ್ನೇ ಬಿಡಿಸುತ್ತಾರೆ, ಕವಳದ ತಂಬಾಕನ್ನು ಯಾರೂ ಕೇಳುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುತ್ತದೆ. ತಾಜಾ ಬಂಗುಡೆಯ ಸಾರಿನಿಂದ ಹೃದಯಕ್ಕೆ ತೊಂದರೆಯಿಲ್ಲ. ಮಳೆಗಾಲದ ಉಪ್ಪುಮೀನು, ಉಪ್ಪಿನಕಾಯಿ ಬಿಪಿ ಏರಿಸುತ್ತವೆ. ತಂಬಾಕು, ಬೀಡಿ, ಮದ್ಯವನ್ನಂತೂ ಬಿಡಲೇಬೇಕು.

ಇನ್ನೊಂದು ಮಾತು. 'ಪೂರ್ತಿ ವಾಸಿ' ಎಂದು ಹೇಳಿ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಮಚ್ಚೆ ವಾರದಲ್ಲೇ ಮಾಯವಾಗುತ್ತದೆ, ಒಳಗೆ ಬಿಪಿ, ಸಕ್ಕರೆ ಏರುತ್ತವೆ, ಥಟ್ಟನೆ ನಿಲ್ಲಿಸಿದರೆ ಕಾಯಿಲೆ ದುಪ್ಪಟ್ಟಾಗಿ ಮರಳುತ್ತದೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಗುಳಿಗೆಗಳೂ ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ಹಾಗೆಂದು ಅವನ್ನು ನೀವಾಗಿ ನಿಲ್ಲಿಸಬೇಡಿ. ಬಿಪಿ ವೈದ್ಯರಿಗೆ ಅಂಗಿಯ ತೋಳು ಮಡಚಿ ಮಚ್ಚೆ ತೋರಿಸಿ.

ಹೃದಯದ ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯ ಎಷ್ಟೋ ಜನ ಈಗಲೂ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಘಟ್ಟ, ಗಡಿ ದಾಟುತ್ತಾರೆ. ಅದಕ್ಕಾಗಿಯೇ ನಾನು ಈ ಪರೀಕ್ಷೆಗೆ ಇಷ್ಟು ಒತ್ತಾಯ ಮಾಡುತ್ತಿರುವುದು. ಎದೆ ಬಿಗಿತ, ತಣ್ಣನೆಯ ಬೆವರು, ಎಡತೋಳಿಗೋ ದವಡೆಗೋ ಹರಡುವ ನೋವು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂರಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ರಕ್ತಪರೀಕ್ಷೆಯ ವರದಿ ಬಂದ ಮೇಲೆ ಚರ್ಮವೈದ್ಯರಿಗೂ ಬಿಪಿ ವೈದ್ಯರಿಗೂ ಒಂದೊಂದು ಪ್ರತಿ ಕೊಡಿ.